ತರಗತಿ ತೆರೆಯಿರಿ, ಪರೀಕ್ಷೆ ಮನೆಯಲ್ಲಿರಲಿ

ದಿಲ್ಲಿ ವಿಶ್ವವಿದ್ಯಾಲಯದ ತರಗತಿಗಳು ಮತ್ತೆ ತೆರೆದದ್ದು 2022ರ ಫೆಬ್ರವರಿ 17ರಂದು, ಅದೂ ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ. ಮೇ ತಿಂಗಳ ಪರೀಕ್ಷೆ ಹತ್ತಿರವಾದಾಗ ವಿದ್ಯಾರ್ಥಿಗಳಲ್ಲೇ ಹಲವರು ಆನ್‌ಲೈನ್ ಪರೀಕ್ಷೆ ಬೇಕೆಂದರು. ಇದನ್ನು ಸೋಮಾರಿತನವೆನ್ನುವುದು ಸುಲಭ, ನಾನು ಒಪ್ಪುವುದಿಲ್ಲ. ಸಾಲಾಗಿ ಹಲವು ಸೆಮಿಸ್ಟರ್ ಪುಸ್ತಕ ತೆರೆದಿಟ್ಟು ಉತ್ತರ ಬರೆದವರಿಗೆ, ಮೂರು ತಿಂಗಳೊಳಗೆ ಬಾಯಿಪಾಠಕ್ಕೆ ಮರಳಿ ಎಂದರೆ ಹೇಗೆ?

ಪುಸ್ತಕ ನೋಡಿ ಬರೆಯುವುದೇನೂ ಸುಖವಾಗಿರಲಿಲ್ಲ. 2020ರ ಆಗಸ್ಟ್‌ನ ಮೊದಲ ಸುತ್ತಿನಲ್ಲಿ ಗೊತ್ತುಪಡಿಸಿದ ಸಮಯದೊಳಗೆ ಪ್ರಶ್ನೆಪತ್ರಿಕೆ ಇಳಿಸಿಕೊಂಡು, ಬರೆದು, ಉತ್ತರದ ಹಾಳೆಗಳನ್ನು ಅಪ್‌ಲೋಡ್ ಮಾಡಬೇಕಿತ್ತು. ನೆಟ್‌ವರ್ಕ್ ಸಿಗದ ಊರಲ್ಲಿದ್ದವರಿಗೆ ಆ ಅಪ್‌ಲೋಡೇ ನಿಜವಾದ ಪರೀಕ್ಷೆ.

ಅದನ್ನು ದಾಟಿದವರು ಆನ್‌ಲೈನನ್ನು ಇಡಿಯಾಗಿ ಒಪ್ಪಲೂ ಇಲ್ಲ, ಬಿಡಲೂ ಇಲ್ಲ. ಪಾಠಕ್ಕೆ ಮೇಷ್ಟ್ರೇ ಬೇಕು, ಪರೀಕ್ಷೆಯ ಹಿಂದಿನ ರಾತ್ರಿಗೆ ರೆಕಾರ್ಡಿಂಗ್ ಇದ್ದರೆ ಒಳ್ಳೆಯದು. 2024ರ ನವೆಂಬರಿನಲ್ಲಿ ಹೊಗೆ ಕವಿದು ತರಗತಿಗಳು ಕೆಲ ದಿನ ಮತ್ತೆ ಫೋನಿಗೆ ಸರಿದವು. ಕಾಲೇಜಿಗೆಂದೇ ದೂರದಿಂದ ಬಂದು, ಬಾಡಿಗೆ ತೆತ್ತ ಪಿಜಿ ಕೋಣೆಯಲ್ಲೇ ಪಾಠ ಕೇಳುವುದರ ಬೆಲೆ ಅವರಿಗೆ ಗೊತ್ತು.

ಯುಜಿಸಿ ನಿಯಮದ ಪ್ರಕಾರ ಸೆಮಿಸ್ಟರಿನ ಶೇ 40ರಷ್ಟು ಕೋರ್ಸ್‌ಗಳನ್ನು 'ಸ್ವಯಂ' ಜಾಲತಾಣದಲ್ಲೇ ಕಲಿಯಬಹುದು. ಯಾವ 40 ಎಂದು ಕಾಲೇಜುಗಳು ತೀರ್ಮಾನಿಸುವ ಮೊದಲು ಇವರನ್ನು ಕೇಳಲಿ.