ಸಂಶಯದ ಲಾಭ ಯಾರಿಗೆ?

ಇಂತಹ ವಸ್ತು ರೋಗಕ್ಕೆ ಕಾರಣವೆಂದು ಒಂದು ದಿನ, ಅದರಿಂದ ಏನೂ ಅಪಾಯವಿಲ್ಲವೆಂದು ಮತ್ತೊಂದು ದಿನ ಪತ್ರಿಕೆಗಳಲ್ಲಿ ವಾರ್ತೆ ಬರುತ್ತದೆ. ಎರಡರ ಮೇಲೂ ಸಂಶೋಧನೆಯ ಮುದ್ರೆ ಇರುತ್ತದೆ. ಮಿಲ್ಲಿನ ಪಾಳಿ ಮುಗಿಸಿ ಬಂದವನೂ ಅಂಗಡಿಯ ಬಾಗಿಲು ಹಾಕಿ ಕುಳಿತವನೂ ಯಾವುದನ್ನು ನಂಬಬೇಕು? ಬಲ್ಲವರು ನೋಡಿಕೊಳ್ಳಲಿ ಎಂದು ಪತ್ರಿಕೆ ಮಡಚಿಡುವುದು ಸುಲಭ. ಆದರೆ ಪ್ರತಿಯೊಂದು ಸಂಶೋಧನೆಗೂ ಯಾರೋ ಹಣ ತೆತ್ತಿರುತ್ತಾರೆ. ಅದರ ಫಲಿತಾಂಶದಿಂದ ಯಾರದೋ ಲಾಭ ಉಳಿಯುತ್ತದೆ, ಇಲ್ಲವೇ ಅಳಿಯುತ್ತದೆ. ಜಮಾ ಖರ್ಚು ಬಲ್ಲವರಿಗೆ ಇಷ್ಟು ಭಾಗ ತಿಳಿಯದ್ದೇನಲ್ಲ.

ನಮ್ಮ ಜಿಲ್ಲೆಗೆ ಈ ಪಾಠ ಕಲಿಸಿದ್ದು ಎಂಡೋಸಲ್ಫಾನ್. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತ ಸರಕಾರದ ಗೇರು ಅಭಿವೃದ್ಧಿ ನಿಗಮವು 1980ರ ದಶಕದಿಂದ ತನ್ನ ತೋಪುಗಳಿಗೆ ಈ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಿತು. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ ಸುಮಾರು 4,600 ಹೆಕ್ಟೇರು ತೋಪಿನಲ್ಲಿ 2000ದ ವರೆಗೆ ಇದನ್ನೇ ಮಾಡಿತು. ಗೇರಿಗೆ ಬೀಳುವ ಟೀ ಸೊಳ್ಳೆಯನ್ನು ಕೊಲ್ಲುವುದು ಉದ್ದೇಶ. ಮೇಲಿನಿಂದ ಬಿದ್ದ ವಿಷಕ್ಕೆ ಸೊಳ್ಳೆ ಯಾವುದು, ಬಾವಿ ಯಾವುದು, ಅಂಗಳದಲ್ಲಿ ಆಡುವ ಮಗು ಯಾವುದು ಎಂಬ ಭೇದವಿಲ್ಲ.

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾಕ್ಟರ್ ವೈ. ಎಸ್. ಮೋಹನ ಕುಮಾರರು ಒಂದೇ ಊರಿನಲ್ಲಿ ಇಷ್ಟೊಂದು ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರಗಳೇಕೆ ಎಂದು ಕೇಳಿದರು. ಮುಂದೆ ನಡೆದದ್ದನ್ನು ವಾಚಕರು ಗಮನಿಸಬೇಕು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ರಕ್ತ, ತಾಯಿಯ ಹಾಲುಗಳಲ್ಲಿ ವಿಷ ಕಂಡಿತು. ಅದರ ಪರೀಕ್ಷಾ ವಿಧಾನವೇ ಸರಿಯಿಲ್ಲವೆಂದು ಕಂಪೆನಿಗಳ ಕಡೆಯವರು ದೂರಿದರು. ಅದೇ ವರ್ಷ ಪ್ಲಾಂಟೇಷನ್ ಕಾರ್ಪೊರೇಷನ್ ತಾನೇ ಹಣ ಕೊಟ್ಟು ತಮಿಳುನಾಡಿನ ಫ್ರೆಡ್ರಿಕ್ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿತು. ರಕ್ತದಲ್ಲಾಗಲಿ ನೀರಿನಲ್ಲಾಗಲಿ ವಿಷವಿಲ್ಲವೆಂದು ಆ ವರದಿ ಹೇಳಿತು. ಊರು ಒಂದೇ, ವರ್ಷ ಒಂದೇ, ಉತ್ತರ ಎರಡು. ವಿಷ ಸಿಂಪಡಿಸಿದವನೇ ಪರೀಕ್ಷೆಯ ಖರ್ಚು ಕೊಟ್ಟರೆ ಆ ವರದಿಯನ್ನು ಎರಡು ಸಲ ಓದಬೇಕು.

ಮಾನವ ಹಕ್ಕು ಆಯೋಗವು ವಿಷಯ ಕೈಗೆತ್ತಿಕೊಂಡ ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಅವರು ಸಿಂಪಡಿಸಿದ ಊರಿನ 117 ಮಂದಿ ಶಾಲಾ ಹುಡುಗರನ್ನು, ಸಿಂಪಡಿಸದ ಊರಿನ 90 ಮಂದಿ ಹುಡುಗರೊಡನೆ ಹೋಲಿಸಿದರು. ವಿಷ ತಾಕಿದ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದೆಂದು 2003ರಲ್ಲಿ ಪ್ರಕಟಿಸಿದರು. ಪರೀಕ್ಷೆಗೊಳಗಾದವರ ಸಂಖ್ಯೆ ಸಣ್ಣದು ಎಂಬ ಮಿತಿಯನ್ನೂ ಅವರೇ ಬರೆದರು. ಪ್ರಾಮಾಣಿಕ ವಿಜ್ಞಾನದ ರೀತಿ ಇದು. ಆದರೆ ವಿಜ್ಞಾನಿಯ ಈ ಪ್ರಾಮಾಣಿಕತೆಯೇ ವ್ಯಾಪಾರಿಯ ಕೈಯಲ್ಲಿ ಆಯುಧವಾಗುತ್ತದೆ. ಸಂಶಯ ಉಳಿದಿದೆ, ಆದುದರಿಂದ ಮಾರಾಟವೂ ಉಳಿಯಲಿ ಎಂಬುದು ಅವರ ವಾದ. ಅದೇ 2003ರಲ್ಲಿ ಕೇಂದ್ರ ಸರಕಾರದ ದುಬೆ ಸಮಿತಿಯು ರೋಗಕ್ಕೂ ವಿಷಕ್ಕೂ ಸಂಬಂಧ ಕಾಣುವುದಿಲ್ಲವೆಂದಿತು. ಎಂಡೋಸಲ್ಫಾನ್ ತಯಾರಿಸುವವರಲ್ಲಿ ಕೇಂದ್ರ ಸರಕಾರದ್ದೇ ಆದ ಹಿಂದುಸ್ಥಾನ್ ಇನ್ಸೆಕ್ಟಿಸೈಡ್ಸ್ ಕೂಡ ಇತ್ತು. ಬೇಲಿಯೇ ಹೊಲ ಮೇಯುವಾಗ ದೂರು ಯಾರಲ್ಲಿ? ಸುಪ್ರೀಂ ಕೋರ್ಟು ತಯಾರಿಕೆ ಮಾರಾಟಗಳನ್ನು ತಡೆದದ್ದು 2011ರ ಮೇ 13ರಂದು.

ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ. ಆರೋಪಿ ಮನುಷ್ಯನಾದುದರಿಂದ ಅದು ನ್ಯಾಯ. ವಿಷದ ಡಬ್ಬಿ ಮನುಷ್ಯನಲ್ಲ. ಅಲ್ಲಿ ಸಂಶಯದ ಲಾಭ ಡಬ್ಬಿಗೆ ಸಲ್ಲಬಾರದು, ಅದರ ಕೆಳಗೆ ಬದುಕುವವರಿಗೆ ಸಲ್ಲಬೇಕು. ಸಂಶಯದ ಹೆಸರಿನಲ್ಲಿ ಕಳೆದ ವರ್ಷಗಳ ಲಾಭ ಕಂಪೆನಿಗಳ ಖಾತೆಗೆ ಹೋಯಿತು. ನಷ್ಟ, ಮಲಗಿದಲ್ಲೇ ಇರುವ ಮಕ್ಕಳ ತಾಯಂದಿರ ಪಾಲಿಗೆ ಬಂತು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಸರಕಾರಕ್ಕೆ ಆಜ್ಞಾಪಿಸಿತು. ಗಡಿಯ ಈಚೆಯವರು ಮಾಸಾಶನ ನೆಚ್ಚಿಕೊಂಡಿದ್ದಾರೆ. ಎರಡೂ ಸರಕಾರದ ಬೊಕ್ಕಸದ ಹಣ, ಎಂದರೆ ನಾವು ನೀವು ತೆತ್ತ ತೆರಿಗೆ.

ಪರರ ತಪ್ಪು ತೋರಿಸುವುದು ಸುಲಭ. ನಮ್ಮ ಅನ್ನಕ್ಕೇ ಸಂಬಂಧಿಸಿದ ಮಾತಿಗೂ ಇದೇ ಅಳತೆ ಹಿಡಿಯಬೇಕು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸುವ ತಾಯಂದಿರು ಬಹಳ. ಹೊಗೆಬತ್ತಿ ಪೊಟ್ಟಣಗಳ ಮೇಲೆ 85 ಶೇಕಡಾ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮ 2015ರ ಏಪ್ರಿಲಿನಿಂದ ಜಾರಿಯಾಗಬೇಕಿತ್ತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸುವ ಭಾರತೀಯ ಅಧ್ಯಯನವಿಲ್ಲವೆಂದು ಪಾರ್ಲಿಮೆಂಟಿನ ಸಮಿತಿಯ ಅಧ್ಯಕ್ಷ ದಿಲೀಪ್ ಗಾಂಧಿ ಆಗ ಹೇಳಿದರು. ಆ ಸಮಿತಿಯಲ್ಲಿ ಅಲಹಾಬಾದಿನ ಬೀಡಿ ಧನಿ ಶ್ಯಾಮಾಚರಣ ಗುಪ್ತರೂ ಸದಸ್ಯರಾಗಿದ್ದರು! ಭಾರತದ 11 ಲಕ್ಷ ಮನೆಗಳಲ್ಲಿ ವಿಚಾರಿಸಿ ಧೂಮಪಾನದ ಸಾವುಗಳನ್ನು ಲೆಕ್ಕ ಹಾಕಿದ ಅಧ್ಯಯನ 2008ರಲ್ಲೇ ಪ್ರಕಟವಾಗಿತ್ತು. ನಿಯಮ ಒಂದು ವರ್ಷ ತಡವಾಯಿತು. ಕೂಲಿ ಹೋದೀತೆಂಬ ನಮ್ಮ ಭಯವನ್ನು ಧನಿಗಳು ಗುರಾಣಿ ಮಾಡಿಕೊಂಡರೆ ನಾವು ಒಪ್ಪಬಾರದು. ಬೀಡಿ ಕೆಟ್ಟದ್ದೆಂಬುದು ಸತ್ಯ. ಬ್ರಾಂಚು ಮುಚ್ಚಿದ ದಿನ ಒಲೆ ಆರಬಾರದೆಂಬುದೂ ಅಷ್ಟೇ ಸತ್ಯ. ಬೇರೆ ಕೆಲಸವನ್ನು ಕೇಳೋಣ. ಸುಳ್ಳು ಸಂಶಯವನ್ನು ಕೇಳುವುದು ಬೇಡ.

ವಿಜ್ಞಾನವನ್ನೇ ಅಲ್ಲಗಳೆಯುವವರು ನಾವಲ್ಲ. ಊರಿನ ಪ್ರತಿಯೊಂದು ಕಾಯಿಲೆಯನ್ನೂ ಒಂದೇ ಡಬ್ಬಿಯ ತಲೆಗೆ ಕಟ್ಟಬೇಕೆಂದೂ ಹೇಳುವುದಿಲ್ಲ. ಅದಕ್ಕೆಂದೇ ಸರಿಯಾದ ಪರೀಕ್ಷೆ ಬೇಕು. ಸಿಂಪಡಿಸಿದ ಊರುಗಳನ್ನು ಸಿಂಪಡಿಸದ ಊರುಗಳೊಡನೆ ಹೋಲಿಸಿ ಮನೆಮನೆಯ ಗಣತಿಯಾಗಲಿ. ಅದರ ಖರ್ಚು ವಿಷ ತಯಾರಿಸಿ ಲಾಭ ಮಾಡಿದವರಿಂದ ವಸೂಲಾಗಲಿ. ಆದರೆ ಪರೀಕ್ಷಿಸುವವರನ್ನು ಆರಿಸುವ ಅಧಿಕಾರ ಅವರಿಗಿರದಿರಲಿ. ವರದಿ ಕಪಾಟಿನಲ್ಲಿ ಕೊಳೆಯದೆ ಗ್ರಾಮಸಭೆಯಲ್ಲಿ ಕನ್ನಡದಲ್ಲೂ ತುಳುವಿನಲ್ಲೂ ಓದಲ್ಪಡಲಿ.

ಮುಂದಿನ ಸಲ ‘ಅಪಾಯವಿಲ್ಲ’ ಎಂಬ ವಾರ್ತೆ ಕಂಡಾಗ ವಾಚಕರು ಮೂರು ಪ್ರಶ್ನೆ ಹಾಕಲಿ. ಹಣ ಯಾರದು? ಯಾರನ್ನು ಯಾರೊಡನೆ ಹೋಲಿಸಿದರು? ಮಾತು ಸುಳ್ಳಾದರೆ ನಷ್ಟ ಯಾರ ಮನೆಗೆ? ಮೂರನೆಯದಕ್ಕೆ ಉತ್ತರ ‘ನಮ್ಮ ಮನೆಗೆ’ ಎಂದಾದರೆ, ಆ ವಾರ್ತೆಯನ್ನು ಗ್ರಾಮಸಭೆಗೆ ಒಯ್ದು ಅಲ್ಲಿ ಎದ್ದು ನಿಂತು ಕೇಳಬೇಕು.