ಹಾಡಿನ ಗ್ರಹಗಳೂ ಆಕಾಶದ ಗ್ರಹಗಳೂ

“ಹಾಡಿಗೆ ನಿಜದ ಹಂಗೇಕೆ? ಕಿವಿಗೆ ಇಂಪಾದರೆ ಸಾಲದೆ?” ಎಂದು ಕೇಳುವ ರಸಿಕರು ನಮ್ಮಲ್ಲಿ ಹಲವರಿದ್ದಾರೆ. ಕಲ್ಪನೆಯ ಹಾಡಿನ ಮಟ್ಟಿಗೆ ಇದು ಒಪ್ಪತಕ್ಕ ಮಾತೇ. ಚಂದ್ರನನ್ನು ಪ್ರಿಯೆಯ ಮುಖವೆಂದ ಕವಿಯೊಡನೆ ದೂರದರ್ಶಕವನ್ನು ಹಿಡಿದು ಜಗಳಕ್ಕೆ ಹೋಗುವವನು ಅರಸಿಕನೇ ಸರಿ. ಆದರೆ ಮಕ್ಕಳಿಗೆ ಶಾಸ್ತ್ರವನ್ನು ತಿಳಿಸುವೆನೆಂದು ಹೊರಟ ಹಾಡಿಗೆ ಈ ವಿನಾಯಿತಿಯು ಸಲ್ಲದು. ರಾಗದೊಡನೆ ಮನಸ್ಸನ್ನು ಹೊಕ್ಕ ತಪ್ಪು ಮುಪ್ಪಿನವರೆಗೂ ಬಿಡುವುದಿಲ್ಲ.

ಅಮೆರಿಕೆಯಲ್ಲಿ 1959ರಲ್ಲಿ ಹೈ ಜಾರೆಟ್ ಎಂಬವರ ಪದಗಳಿಗೆ ಲೂ ಸಿಂಗರ್ ಎಂಬವರು ಸಂಗೀತವನ್ನು ಕೂಡಿಸಿ, ಮಕ್ಕಳಿಗಾಗಿ ‘ಸ್ಪೇಸ್ ಸಾಂಗ್ಸ್’ ಎಂಬ ಗಾನಮುದ್ರಿಕೆಯು ಹೊರಟಿತು. ಸೂರ್ಯನೇಕೆ ಬೆಳಗುವನೆಂಬ ಪ್ರಶ್ನೆಯೇ ಅದರಲ್ಲಿನ ಒಂದು ಹಾಡಿನ ಹೆಸರು. ಸೂರ್ಯನು ಕಾದು ಬೆಳಗುವ ಅನಿಲದ ರಾಶಿಯೆಂದೂ, ಅಲ್ಲಿ ಜಲಜನಕವು ಹೀಲಿಯಂ ಆಗಿ ಮಾರ್ಪಡುವುದೆಂದೂ ಅದು ಬೋಧಿಸುತ್ತದೆ. ಎರಡನೆಯ ಮಾತು ಇಂದಿಗೂ ನಿರ್ದುಷ್ಟವಾದುದು. ಮೊದಲನೆಯದರಲ್ಲಿ ಕೊರತೆಯುಂಟು. ಸೂರ್ಯನ ತಿರುಳಿನಲ್ಲಿ ಸುಮಾರು ಒಂದೂವರೆ ಕೋಟಿ ಡಿಗ್ರಿಗಳ ಕಾವಿದೆ. ಅಂತಹ ಕಾವಿನಲ್ಲಿ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಹೋಗುವುವು. ಆ ಸ್ಥಿತಿಗೆ ಪ್ಲಾಸ್ಮಾ ಎಂದು ಹೆಸರು.

‘ದೇ ಮೈಟ್ ಬಿ ಜೈಂಟ್ಸ್’ ಎಂಬ ಗಾಯಕವೃಂದವು 1993ರಲ್ಲಿ ಈ ಹಾಡನ್ನು ಪುನಃ ಹಾಡಿ ಪ್ರಚಾರಕ್ಕೆ ತಂದಿತು. 2009ರಲ್ಲಿ ಅದೇ ವೃಂದವು ಮಕ್ಕಳಿಗಾಗಿ ಹೊರಡಿಸಿದ ಮುದ್ರಿಕೆಯಲ್ಲಿ ಹಳೆಯ ಹಾಡನ್ನಿರಿಸಿ, ಅದರ ಜೊತೆಗೇ ಅದನ್ನು ತಿದ್ದುವ ಹೊಸ ಹಾಡನ್ನೂ ಇರಿಸಿತು. ಪ್ಲಾಸ್ಮಾವೂ ಒಂದು ಬಗೆಯ ಅನಿಲವೇ, ಇಷ್ಟಕ್ಕೆ ಇಷ್ಟು ಸಂಭ್ರಮವೇಕೆ, ಎನ್ನುವವರುಂಟು. ಇರಬಹುದು. ತಾನು ಹಾಡಿದ್ದನ್ನು ತಾನೇ ತಿದ್ದಿ ಮತ್ತೆ ಹಾಡುವ ಧೈರ್ಯವನ್ನು ನಾವು ಬೇರೆಲ್ಲಿ ಕಂಡಿದ್ದೇವೆ?

ಇನ್ನು ನಮ್ಮ ಮನೆಯ ಸಂಗತಿ. ಮುತ್ತುಸ್ವಾಮಿ ದೀಕ್ಷಿತರ ಗ್ರಹಕೀರ್ತನೆಗಳನ್ನು ನಾವು ಭಕ್ತಿಯಿಂದಲೇ ಕೇಳುತ್ತೇವೆ. ಸೌರಾಷ್ಟ್ರರಾಗದ ಸೂರ್ಯಕೀರ್ತನೆಗೆ ಯಾವ ವಿಜ್ಞಾನಿಯ ಪ್ರಶಸ್ತಿಪತ್ರವೂ ಬೇಕಿಲ್ಲ. ಅದು ಉಪಾಸನೆಯ ಹಾಡು, ಪಾಠವಲ್ಲ. ಅದನ್ನು ಪಾಠವನ್ನಾಗಿ ಮಾಡಹೊರಟವರು, “ಒಂಬತ್ತು ಗ್ರಹಗಳನ್ನು ನಮ್ಮ ಪೂರ್ವಿಕರು ಮೊದಲೇ ಅರಿತಿದ್ದರು” ಎಂದು ಸಭೆಗಳಲ್ಲಿ ಉಪನ್ಯಾಸ ಮಾಡುವ ಮಹಾಶಯರು. ಆ ಒಂಬತ್ತರಲ್ಲಿ ಸೂರ್ಯನು ನಕ್ಷತ್ರ, ಚಂದ್ರನು ಉಪಗ್ರಹ, ರಾಹುಕೇತುಗಳು ಚಂದ್ರನ ಪಥವು ಕ್ರಾಂತಿವೃತ್ತವನ್ನು ಛೇದಿಸುವ ಎರಡು ಬಿಂದುಗಳು. ಉಳಿದವು ಐದೇ. 1781ರಲ್ಲಿ ಕಂಡ ಯುರೇನಸ್ಸೂ 1846ರಲ್ಲಿ ಕಂಡ ನೆಪ್ಚೂನೂ ಅದರಲ್ಲಿಲ್ಲ. 1930ರಲ್ಲಿ ಪ್ಲೂಟೋ ಸಿಕ್ಕಿ ಲೆಕ್ಕವು ಒಂಬತ್ತಾದುದು ಕಾಕತಾಳೀಯ. 2006ರಲ್ಲಿ ಪ್ರಾಗ್ ನಗರದಲ್ಲಿ ಕೂಡಿದ ಖಗೋಳಜ್ಞರು ಪ್ಲೂಟೋವನ್ನು ಪಟ್ಟಿಯಿಂದ ತೆಗೆದು ಎಂಟೆಂದು ನಿರ್ಣಯಿಸಿದರು. ಆ ದಿನ ನಮ್ಮ ಪೂರ್ವಿಕರ ಜ್ಞಾನವೂ ಒಂದು ಅಂಶ ಕಡಮೆಯಾಯಿತೆ?

ಹೆಮ್ಮೆಗೆ ಬೇರೆ ಕಾರಣಗಳಿಲ್ಲದೆ ಇಲ್ಲ. ಗ್ರಹಣಕ್ಕೆ ನೆರಳೇ ಕಾರಣವೆಂದು ಆರ್ಯಭಟನು 499ರಷ್ಟು ಹಿಂದೆಯೇ ಬರೆದಿಟ್ಟನು. ಆತನನ್ನು ಓದುವ ಶ್ರಮವಿಲ್ಲದವರಿಗೆ ಎಣಿಕೆಯ ಹೊಂದಿಕೆಯೇ ಸಾಕಾಗಿದೆ. “ಒಂಬತ್ತರಲ್ಲಿ ನಾವು ನಿಂತಿರುವ ಭೂಮಿ ಎಲ್ಲಿ?” ಎಂದು ಒಂದು ಮಗು ಎದ್ದುನಿಂತು ಕೇಳಿದರೆ ಈ ಮಹಾಶಯರು ಯಾವ ಉತ್ತರ ಕೊಡುವರೋ, ಅದನ್ನು ಕೇಳುವುದಕ್ಕಾದರೂ ಅವರ ಮುಂದಿನ ಉಪನ್ಯಾಸಕ್ಕೆ ಹೋಗಬೇಕೆಂದಿದ್ದೇವೆ.