ಮೊದಲ ಇಟಲಿ ಯಾತ್ರೆ: ಹಣಕ್ಕಿಂತ ಮುಂಚೆ ಕಾಗದ

ನರಸೋಬವಾಡಿಯಲ್ಲಿ ಪಂಚಗಂಗೆಯು ಕೃಷ್ಣೆಯನ್ನು ಕೂಡುವ ಸಂಗಮವನ್ನು ಕಾಣದವರು ಶಿರೋಳ ತಾಲೂಕಿನಲ್ಲಿ ವಿರಳ. ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ ಆರ್ನೋ ನದಿಗೆ ಮುನ್ಯೋನೆ ಎಂಬ ಹೊಳೆ ಬಂದು ಸೇರುವ ಇನ್ನೊಂದು ಸಂಗಮವಿದೆ. ಅದಕ್ಕೂ ನಮ್ಮ ಜಿಲ್ಲೆಗೂ ಒಂದು ಶತಮಾನಕ್ಕೆ ಮೀರಿದ ನಂಟಿದೆ. ಕೊಲ್ಹಾಪುರ ಸಂಸ್ಥಾನದ ಛತ್ರಪತಿ ರಾಜಾರಾಮ ಮಹಾರಾಜರು 1870ರಲ್ಲಿ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿಯನ್ನು ಕಂಡು, ಹಿಂದಿರುಗುವ ದಾರಿಯಲ್ಲಿ ಫ್ಲಾರೆನ್ಸಿನಲ್ಲಿ ತಂಗಿದ್ದಾಗ ನವೆಂಬರ್ 30ರಂದು ತೀರಿಕೊಂಡರು. ಆಗ ಅವರಿಗೆ ಇಪ್ಪತ್ತು ವರ್ಷ. ದಹನಕ್ಕೆ ಎರಡು ನೀರು ಕೂಡುವ ಸ್ಥಳ ಬೇಕೆಂದು ಕೇಳಲಾಗಿ, ನಗರದ ಆಡಳಿತದ ಅನುಮತಿಯಿಂದ ಆ ಸಂಗಮದಲ್ಲಿಯೇ ಅಂತ್ಯಕ್ರಿಯೆ ನಡೆಯಿತು. 1874ರಲ್ಲಿ ಅಲ್ಲಿ ಛತ್ರಿಯೊಂದು ಎದ್ದಿತು. ಅದರ ವಿನ್ಯಾಸಕಾರ ಚಾರ್ಲ್ಸ್ ಮ್ಯಾಂಟ್. ಕೊಲ್ಹಾಪುರದ ಹೊಸ ಅರಮನೆಯನ್ನು ಯೋಜಿಸಿದವನೂ ಇವನೇ. ಮಹಾರಾಜರ ಪ್ರವಾಸದ ದಿನಚರಿ 1872ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದಿತು.

ಅಂದು ಅರಸನೊಬ್ಬನು ಪರಿವಾರ ಸಮೇತನಾಗಿ ಮಾಡಿದ ಪ್ರಯಾಣವನ್ನು ಇಂದು ಶಿಕ್ಷಕನ ಕುಟುಂಬವಾಗಲಿ ಕಬ್ಬು ಬೆಳೆಗಾರನ ಕುಟುಂಬವಾಗಲಿ ಯೋಚಿಸಲು ಸಾಧ್ಯವಾಗಿದೆ. ಆದರೆ ಮೊದಲ ಸಲ ಹೊರಡುವವರು ಸಾಮಾನ್ಯವಾಗಿ ವಿಮಾನದ ಟಿಕೆಟಿನ ದರದಿಂದ ಆರಂಭಿಸುತ್ತಾರೆ. ಕ್ರಮ ತಪ್ಪುವುದು ಇಲ್ಲಿಯೇ. ಮಿತವ್ಯಯದ ಪ್ರವಾಸದಲ್ಲಿ ಉಳಿಯುವ ಹಣದ ಬಹುಭಾಗ ಊರು ಬಿಡುವ ಮುಂಚೆ, ಮನೆಯ ಕಪಾಟಿನಲ್ಲಿರುವ ಕಾಗದಗಳನ್ನು ಸರಿಪಡಿಸುವುದರಿಂದ ಉಳಿಯುತ್ತದೆ.

ಮೊದಲನೆಯ ಕಾಗದ ಪಾಸ್‌ಪೋರ್ಟ್. ಕೊಲ್ಹಾಪುರದಲ್ಲಿಯೇ ಅಂಚೆ ಇಲಾಖೆಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿರುವುದರಿಂದ ಪುಣೆಯವರೆಗೆ ಹೋಗಬೇಕಾಗಿಲ್ಲ. 36 ಪುಟಗಳ ಸಾಧಾರಣ ಪಾಸ್‌ಪೋರ್ಟಿಗೆ ವಯಸ್ಕರಿಗೆ 1,500 ರೂಪಾಯಿ, ಅಪ್ರಾಪ್ತರಿಗೆ 1,000 ರೂಪಾಯಿ ಶುಲ್ಕ. ತೊಡಕು ಬರುವುದು ಶುಲ್ಕದಲ್ಲಲ್ಲ, ಹೆಸರಿನಲ್ಲಿ. ಗಡಿಭಾಗದ ಕನ್ನಡ ಶಾಲೆಯ ಮಗುವಿನ ಹೆಸರು ರಿಜಿಸ್ಟರಿನಲ್ಲಿ ಕನ್ನಡದಲ್ಲಿರುತ್ತದೆ, ಜನನ ಪ್ರಮಾಣಪತ್ರದಲ್ಲಿ ಮರಾಠಿಯಲ್ಲಿರುತ್ತದೆ, ಆಧಾರದಲ್ಲಿ ಮರಾಠಿ ಮತ್ತು ಇಂಗ್ಲಿಷಿನಲ್ಲಿರುತ್ತದೆ. ‘ಬಸವರಾಜ’ ಎಂಬ ಹೆಸರನ್ನು ಕನ್ನಡದ ಉಚ್ಚಾರದಂತೆ ಇಂಗ್ಲಿಷಿನಲ್ಲಿ ಬರೆದರೆ ನಡುವೆಯೂ ಕೊನೆಯಲ್ಲಿಯೂ ‘ಎ’ ಅಕ್ಷರ ಬರುತ್ತದೆ. ಮರಾಠಿಯ ಉಚ್ಚಾರದಂತೆ ಬರೆದರೆ ಅವು ಉದುರಿಹೋಗುತ್ತವೆ. ಮನೆಯಲ್ಲಿ ಕರೆಯುವಾಗ ಎರಡೂ ಒಂದೇ. ಕಚೇರಿಯ ದೃಷ್ಟಿಯಲ್ಲಿ ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ವಿಮಾನದ ಟಿಕೆಟ್, ವಿಮೆ, ವೀಸಾ ಅರ್ಜಿ ಎಲ್ಲವೂ ಪಾಸ್‌ಪೋರ್ಟಿನ ಅಕ್ಷರಗಳನ್ನೇ ಅನುಸರಿಸತಕ್ಕದ್ದು.

ಆದುದರಿಂದ ಪಾಲಕರು ಪ್ರತಿಯೊಬ್ಬ ಸದಸ್ಯನ ಆಧಾರ, ಜನನ ಪ್ರಮಾಣಪತ್ರ ಮತ್ತು ಶಾಲೆ ಬಿಟ್ಟ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು. ಮಗುವು ಶಾಲೆಯಲ್ಲಿ ಓದುತ್ತಿರುವಾಗಲೇ ಮುಖ್ಯೋಪಾಧ್ಯಾಯರ ಮೂಲಕ ರಿಜಿಸ್ಟರಿನ ತಪ್ಪನ್ನು ತಿದ್ದಿಸುವುದು ಸುಲಭ. ದಾಖಲೆ ಪಡೆದು ಶಾಲೆ ಬಿಟ್ಟ ಮೇಲೆ ಅದೇ ಕೆಲಸ ಬಹಳ ಕಷ್ಟದ್ದಾಗುತ್ತದೆ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿನ ಉದ್ದೇಶಕ್ಕೆ ಜನನ ಪ್ರಮಾಣಪತ್ರವೊಂದೇ ಜನ್ಮದಿನಾಂಕದ ಪುರಾವೆ ಎಂಬುದನ್ನೂ ನೆನಪಿಡಬೇಕು. ಈ ತಿದ್ದುಪಡಿಗಳು ಇಟಲಿಗೆ ಹೋಗದಿದ್ದರೂ ವ್ಯರ್ಥವಾಗವು. ಮುಂದೆ ಕಾಲೇಜಿಗೂ ನೌಕರಿಗೂ ಅವೇ ಬೇಕಾಗುತ್ತವೆ.

ಎರಡನೆಯದು ವೀಸಾ. ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ. ಪ್ರಯಾಣದ ದಿನಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಗಳಿಗಿಂತ ತಡಮಾಡಲಾಗದು. 2024ರ ಜೂನ್ 11ರಿಂದ ಶುಲ್ಕ ವಯಸ್ಕರಿಗೆ 90 ಯೂರೋ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45 ಯೂರೋ. ಆರು ತುಂಬದವರಿಗೆ ಶುಲ್ಕವಿಲ್ಲ. ಹನ್ನೆರಡು ತುಂಬಿದ ಮಗುವಿಗೆ ವಯಸ್ಕರ ಶುಲ್ಕವೇ. ತಂದೆ, ತಾಯಿ, ಹದಿನಾಲ್ಕರ ಮಗಳು ಮತ್ತು ಒಂಬತ್ತರ ಮಗನಿರುವ ಕುಟುಂಬ 315 ಯೂರೋ ಕೊಡಬೇಕು. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ವೀಸಾ ನಿರಾಕರಿಸಲ್ಪಟ್ಟರೂ ಈ ಹಣ ಮರಳದು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವ ಪ್ರವಾಸ ವಿಮೆ ಕಡ್ಡಾಯ. ಹಿಂದಿರುಗಿದ ದಿನದಿಂದಾಚೆ ಮೂರು ತಿಂಗಳವರೆಗಾದರೂ ಪಾಸ್‌ಪೋರ್ಟಿನ ಅವಧಿ ಉಳಿದಿರಬೇಕು.

ಹಿಂದಿರುಗಿ ಬರುವೆವೆಂಬುದನ್ನು ಕಾಗದದಿಂದ ತೋರಿಸುವುದೇ ವೀಸಾ ಅರ್ಜಿಯ ತಿರುಳು. ನೌಕರರಿಗೆ ವೇತನಪತ್ರ ಮತ್ತು ರಜೆಯ ಮಂಜೂರಾತಿ ಪತ್ರ ಸಾಕಾಗಬಹುದು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಅನೇಕ ರೈತರು ರಿಟರ್ನ್ ಸಲ್ಲಿಸಿರುವುದಿಲ್ಲ. ಅಂಥವರು ಸಾತಬಾರಾ ಉತಾರೆ, ಸಕ್ಕರೆ ಕಾರ್ಖಾನೆಯಿಂದ ಬಂದ ಕಬ್ಬಿನ ಬಿಲ್ಲುಗಳು, ಆ ಹಣ ಜಮೆಯಾದ ಬ್ಯಾಂಕ್ ಖಾತೆಯ ವಿವರ ಇವುಗಳನ್ನು ಇಂಗ್ಲಿಷ್ ಅನುವಾದದೊಡನೆ ಜೋಡಿಸುವುದು ಒಳಿತು. ಅರ್ಜಿಗೆ ಒಂದು ವಾರ ಮುಂಚೆ ನೆಂಟರಿಂದ ಕಡ ತಂದು ಖಾತೆಯಲ್ಲಿ ತುಂಬಿದ ದೊಡ್ಡ ಮೊತ್ತ ಅನುಕೂಲಕ್ಕಿಂತ ಸಂಶಯಕ್ಕೇ ಕಾರಣವಾಗುತ್ತದೆ. ವೀಸಾ ಖಂಡಿತವಾಗಿ ಕೊಡಿಸುತ್ತೇನೆಂದು ಹೇಳುವ ದಲಾಲನನ್ನು ನಂಬಲಾಗದು. ನಿರ್ಧಾರವು ಇಟಲಿಯ ರಾಯಭಾರ ಕಚೇರಿಯದೇ. ನಿರಾಕರಣೆಯಾದರೆ ಕಾರಣವನ್ನು ಲಿಖಿತವಾಗಿ ತಿಳಿಸಲಾಗುತ್ತದೆ. ಕೊರತೆಯನ್ನು ತುಂಬಿ ಮತ್ತೆ ಅರ್ಜಿ ಹಾಕಬಹುದು. ವೀಸಾ ಕೈಸೇರುವವರೆಗೆ, ರದ್ದುಮಾಡಿದರೆ ಹಣ ಮರಳದಂಥ ಟಿಕೆಟನ್ನು ಕೊಳ್ಳಕೂಡದು.

ಇನ್ನು ಕಾಲದ ಆಯ್ಕೆ. ನವೆಂಬರಿನಲ್ಲಿ ಇಟಲಿಯ ವಸತಿ ಅಗ್ಗ, ಜನಸಂದಣಿ ಕಡಿಮೆ. ಆದರೆ ಚಳಿಯಿದ್ದು ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ. ದೀಪಾವಳಿಯ ರಜೆ ಆಗಲೇ ಬಂದರೂ ಕಬ್ಬಿನ ಕಟಾವಿನ ಹಂಗಾಮೂ ಅದೇ. ಹೊಲ ನೋಡಿಕೊಳ್ಳಲು ಅಣ್ಣತಮ್ಮಂದಿರಿಲ್ಲದ ಮನೆಯವರಿಗೆ ಮೇ ತಿಂಗಳ ರಜೆಯೇ ಗತಿ. ಆಗ ದರ ಹೆಚ್ಚಾದುದರಿಂದ ವಸತಿಯನ್ನು ಹಲವು ತಿಂಗಳು ಮುಂಚಿತವಾಗಿ ಕಾಯ್ದಿರಿಸಬೇಕು. ಪ್ರವಾಸ ಕಂಪನಿಯ ಪ್ಯಾಕೇಜ್ ಕೊಂಡರೆ ಮೂಲದಲ್ಲಿಯೇ ತೆರಿಗೆ ಸಂಗ್ರಹಿಸಲ್ಪಡುತ್ತದೆ. ರಿಟರ್ನ್ ಸಲ್ಲಿಸಿ ಅದನ್ನು ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಸಲ್ಲಿಸದವರಿಗೆ ಅದು ನಷ್ಟವೇ.

ಮೊದಲ ಪ್ರವಾಸಕ್ಕೆ ಒಂದು ದೇಶ, ಎರಡು ನಗರ ಸಾಕು. ರೋಮ್ ಮತ್ತು ಫ್ಲಾರೆನ್ಸ್ ನಡುವೆ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ವೇಗದ ರೈಲಿಗೆ ಮುಂಚಿತವಾಗಿ ಕೊಂಡ ಟಿಕೆಟ್ ಅಗ್ಗ. ಪ್ರಾದೇಶಿಕ ರೈಲಿನ ದರ ಕೊನೆಯವರೆಗೂ ಒಂದೇ, ಆದರೆ ಅದರ ಕಾಗದದ ಟಿಕೆಟಿಗೆ ಹತ್ತುವ ಮುಂಚೆ ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ ದಂಡ ಬೀಳುತ್ತದೆ. ಸರಕಾರಿ ವಸ್ತುಸಂಗ್ರಹಾಲಯಗಳಲ್ಲಿ ಹದಿನೆಂಟು ತುಂಬದವರಿಗೆ, ಅವರು ಯಾವ ದೇಶದವರೇ ಆಗಿರಲಿ, ಪ್ರವೇಶ ಉಚಿತ. ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಉಚಿತ. ಶಾಲೆಯ ಮಕ್ಕಳಿರುವ ಕುಟುಂಬಕ್ಕೆ ಇದು ಸಣ್ಣ ಉಳಿತಾಯವಲ್ಲ. ಹೋಟೆಲಿನಲ್ಲಿ ತಲೆಗೆ, ರಾತ್ರಿಗೆ ಇಷ್ಟೆಂದು ನಗರತೆರಿಗೆ ಪ್ರತ್ಯೇಕವಾಗಿ ಇರುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ದರ, ಮೇಜಿಗೆ ಕುಳಿತರೆ ಇನ್ನೊಂದು. ರೋಮಿನ ಬೀದಿಯ ನಲ್ಲಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ಒಯ್ದರಾಯಿತು.

ಆಹಾರದ ವಿಷಯದಲ್ಲಿ ಶಾಕಾಹಾರಿಗಳು, ವಿಶೇಷವಾಗಿ ನಮ್ಮ ಭಾಗದ ಜೈನ ಕುಟುಂಬಗಳು, ಅಡುಗೆಮನೆಯಿರುವ ವಸತಿಯನ್ನು ಹಿಡಿಯುವುದು ಲೇಸು. ಖರ್ಚೂ ಅರ್ಧಕ್ಕರ್ಧ ಹಗುರಾದೀತು. ಇಟಲಿಯ ಪ್ರಸಿದ್ಧ ಪಾರ್ಮೆಸಾನ್ ಚೀಜನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿ ಮಾಡುತ್ತಾರೆಂಬುದನ್ನು ಅನೇಕರು ಅರಿಯರು. ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಒಯ್ಯಲು ಅನುಮತಿಯಿಲ್ಲವಾದುದರಿಂದ ವಾಡಿಯ ಪೇಡೆ, ಬಾಸುಂದಿ, ಮನೆಯ ತುಪ್ಪ ಇಲ್ಲಿಯೇ ಉಳಿಯಬೇಕು. ಮಾವಿನಹಣ್ಣನ್ನೂ ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಒಯ್ಯುವಂತಿಲ್ಲ. ಅವಲಕ್ಕಿ, ಶೇಂಗಾ ಚಟ್ನಿ ಪೆಟ್ಟಿಗೆಯಲ್ಲಿರಲಿ.

ಫ್ಲಾರೆನ್ಸಿಗೆ ಹೋದವರು ಕಶಿನೆ ಉದ್ಯಾನದ ಪಶ್ಚಿಮದ ತುದಿಗೆ ಅರ್ಧ ದಿನ ಮೀಸಲಿಡಬೇಕು. ರಾಜಾರಾಮ ಮಹಾರಾಜರ ಛತ್ರಿ ಅಲ್ಲಿಯೇ ಇದೆ. ನೋಡಲು ಟಿಕೆಟ್ ಬೇಕಿಲ್ಲ. ಕಲ್ಲಿನ ಮೇಲೆ ನಾಲ್ಕು ಭಾಷೆಗಳ ಬರಹವಿದ್ದರೂ ಊರಿನವರು ಆ ಸ್ಮಾರಕವನ್ನೂ ಬಳಿಯ ಸೇತುವೆಯನ್ನೂ ‘ಇಂಡಿಯಾನೋ’, ಅಂದರೆ ‘ಭಾರತೀಯ’, ಎಂದಷ್ಟೇ ಕರೆಯುತ್ತಾರೆ. ಆ ಭಾರತೀಯನ ಹೆಸರೇನು, ಊರು ಯಾವುದು ಎಂಬುದನ್ನು ಕೊಲ್ಹಾಪುರ ಜಿಲ್ಲೆಯ ಮಕ್ಕಳು ಅಲ್ಲಿ ನಿಂತು ಹೇಳಬಲ್ಲರು.

ಬರುವ ವರ್ಷ ಹೊರಡಬೇಕೆಂದಿರುವವರು ಈ ತಿಂಗಳು ಹೆಸರುಗಳನ್ನು ಹೋಲಿಸಲಿ. ತಿದ್ದುಪಡಿ ಮುಗಿದ ಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಲಿ. ಕಬ್ಬಿನ ಬಿಲ್ಲು ಬಂದಂತೆ ಸ್ವಲ್ಪ ಸ್ವಲ್ಪವಾಗಿ ಹಣ ಕೂಡಿಸಲಿ. ವೀಸಾ ದೊರೆತ ಮೇಲೆ ಟಿಕೆಟ್ ಖಚಿತಪಡಿಸಲಿ. ಹೊಲವನ್ನು ಒತ್ತೆಯಿಟ್ಟು ಹೋಗಬೇಕಾದ ದೇಶ ಯಾವುದೂ ಇಲ್ಲ. ಒಂದು ವರ್ಷ ತಡವಾದರೂ ಸಾಲವಿಲ್ಲದೆ ಹೋಗಿ ಬಂದ ಪ್ರವಾಸವೇ ಮನೆಯಲ್ಲಿ ಸಂತೋಷದ ಮಾತಾಗಿ ಉಳಿಯುತ್ತದೆ.